ಎಡ ನಳಿಗೆಯ ತೋಟಾ

ಇಪ್ಪತ್ತಾರು ವರ್ಷದ ಹಿಂದೆ, ಮುಳುಗಿದ ದೋಣಿಯಿಂದ ಮೇಲೆತ್ತಿದ ಜೋಡುನಳಿಗೆ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಮನ್ ಪ್ರೂಯಿಟ್ ಒಂದು ಮಾತು ಕೊಟ್ಟಿದ್ದ. ನಳಿಗೆಗಳಿಂದ ಕೆಸರು ಸುರಿಯುತ್ತಿತ್ತು. ಮರದ ಹಿಡಿ ಎರಡಾಗಿ ಸೀಳಿತ್ತು. ಕೋವಿ ಎಮರಿ ಟಲ್‌ನ ಅಪ್ಪನದು, ಅದಕ್ಕೂ ಮೊದಲು ಅಜ್ಜನದು. ಎಮರಿ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಆಗಷ್ಟೇ ಯಾರನ್ನೋ ಹೂತು ಬಂದವನ ಹಾಗೆ ಅದನ್ನೇ ನೋಡುತ್ತಿದ್ದ.

"ಹಂಗೆ ಮುಖ ಮಾಡ್ಬೇಡ ಕಣೋ," ಎಂದಿದ್ದ ಲೋಮನ್. "ಇದನ್ನ ಮತ್ತೆ ಎಬ್ಬಿಸಿ ನಿಲ್ಲಿಸ್ತೀನಿ. ಎಷ್ಟು ವರ್ಷ ಹಿಡಿಯುತ್ತೋ ಹಿಡೀಲಿ. ಆಮೇಲೆ ನಾನಿರೋವರೆಗೂ ಇದಕ್ಕೆ ಇನ್ನೊಂದು ಕೇಡು ಆಗೋಕೆ ಬಿಡಲ್ಲ. ಮಾತು ಕೊಟ್ಟೆ."

ಇಪ್ಪತ್ತೆರಡು ವರ್ಷ ಹಿಡಿಯಿತು. ಲೋಮನ್‌ನ ಕಸುಬು ಮರದ ಬಾತು ಕೆತ್ತುವುದು. ಬೇಟೆಗಾರರು ನಿಜವಾದ ಬಾತುಗಳನ್ನು ಮರುಳು ಮಾಡಲು ನೀರಿನ ಮೇಲೆ ತೇಲಿಬಿಡುತ್ತಾರಲ್ಲ, ಅವು. ಆ ಕೆಲಸದ ನಡುವೆ ಬಿಡುವಾದಾಗಲೆಲ್ಲ ಕೋವಿಗೆ ಕೈ ಹಾಕಿದ. ಆಕ್ರೋಟ್ ಮರದಿಂದ ಹೊಸ ಹಿಡಿ ಕೆತ್ತಿದ. ನಳಿಗೆಗಳ ಒಳಮೈಯನ್ನು ಕೂದಲೆಳೆಯಷ್ಟಷ್ಟೇ ಉಜ್ಜಿ ಕನ್ನಡಿ ಮಾಡಿದ. ನಾಲ್ಕು ಚಳಿಗಾಲದ ಹಿಂದೆ ಅದನ್ನು ಹಳೆಯ ಹೊದಿಕೆಯೊಂದರಲ್ಲಿ ಸುತ್ತಿ ತಂದು ಎಮರಿಯ ಮೇಜಿನ ಮೇಲಿಟ್ಟು, ಒಂದೂ ಮಾತಾಡದೆ ಕಾಫಿ ಕುಡಿದು ಹೋದ. ಕೊಟ್ಟ ಮಾತು ತೀರಿತು ಎಂದುಕೊಂಡ ಎಮರಿ.

ಅದೇ ಲೋಮನ್ ಈ ಅಕ್ಟೋಬರಿನಲ್ಲಿ, ಅದೇ ಮೇಜಿನ ಎದುರು ಕೂತು, ಜೌಗು ಮಾರುತ್ತೇನೆ ಎಂದ.

ನಲವತ್ತು ಎಕರೆ ಜೌಗು, ಕಂಬಗಳ ಮೇಲೆ ನಿಂತ ಒಂದು ಗುಡಿಸಲು, ಕೊಲ್ಲಿಯ ಕಡೆ ಮುಖ ಮಾಡಿ ಬೇಟೆಗೆ ಅಡಗಿ ಕೂರುವ ಹುಲ್ಲಿನ ಒಂದು ಮರೆ. ಇಬ್ಬರೂ ಮದುವೆಗೆ ಮುಂಚೆ, ಏಡಿ ಹಿಡಿದು ಉಳಿಸಿದ್ದರಲ್ಲಿ ಕೂಡಿ ಕೊಂಡದ್ದು. ಇಬ್ಬರಲ್ಲಿ ಒಬ್ಬ ಹೋದರೆ ಪೂರ್ತಿ ಇನ್ನೊಬ್ಬನಿಗೆ ಎಂದು ವಕೀಲ ಬರೆದಾಗ ಇಬ್ಬರೂ ನಕ್ಕಿದ್ದರು. ಸಾವು ಆಗ ಬೇರೆಯವರ ಮನೆಯ ವಿಷಯವಾಗಿತ್ತು. ಆರು ವರ್ಷದ ಹಿಂದೆ ಹೆಂಡತಿ ಅರ್ಮಾ ತೀರಿಕೊಂಡ ಮೇಲೆ ಎಮರಿ ಊರಿನ ಮನೆಯ ಬಾಗಿಲು ಹಾಕಿ ಗುಡಿಸಲಿಗೇ ಬಂದುಬಿಟ್ಟಿದ್ದ. ಇಲ್ಲಿ ಯಾರೂ ಇಲ್ಲದಿರುವುದು ಸಹಜ ಅನ್ನಿಸುತ್ತಿತ್ತು. ಊರಿನ ಮನೆಯಲ್ಲಿ ಯಾರೂ ಇಲ್ಲದಿರುವುದು ಸಹಜ ಅನ್ನಿಸುತ್ತಿರಲಿಲ್ಲ.

"ನೀರು ವರ್ಷ ವರ್ಷ ಒಳಗೆ ಬರ್ತಿದೆ ಕಣೋ," ಎಂದ ಲೋಮನ್. "ನನ್ನ ಮೊಣಕಾಲು ನೋಡು, ಮೆಟ್ಟಿಲು ಹತ್ತೋವಾಗ ಕಟಕಟ ಅನ್ನುತ್ತೆ. ಬೇಟೆ ಕ್ಲಬ್ಬಿನೋರು ಕೇಳ್ತಿದಾರೆ. ಜನವರಿ ಇಪ್ಪತ್ತಕ್ಕೆ ಸಹಿ. ನೀನೂ ಹಾಕು, ನಮ್ಮ ಮನೆಗೆ ಬಾ. ಹಿಂದಿನ ಕೋಣೆ ಖಾಲಿ ಇದೆ. ಬರ್ನಿಸ್ ತಾನೇ ಹೇಳಿದ್ಲು."

"ಹಿಂದಿನ ಕೋಣೆ. ನಾಯಿ ಮಲಗ್ತಿತ್ತಲ್ಲ, ಅದೇನಾ?"

"ನಾಯಿ ಈಗ ನಮ್ಮ ಮಂಚದ ಮೇಲೇ ಮಲಗುತ್ತೆ ಮಾರಾಯ. ಕೆಳಗೆ ಜಾಗ ಸಿಕ್ರೆ ನಂಗೆ ಪುಣ್ಯ."

ಎಮರಿ ನಗಲಿಲ್ಲ. ತಾನು ಸಹಿ ಹಾಕದಿದ್ದರೂ ವ್ಯತ್ಯಾಸವಾಗದು ಎಂದು ಅವನಿಗೆ ಗೊತ್ತಿತ್ತು. ಲೋಮನ್‌ನ ಪಾಲು ಕೈಗೆ ಬಂದರೆ ಮಿಕ್ಕದ್ದನ್ನು ಕೋರ್ಟಿನಿಂದ ಬಿಡಿಸಿಕೊಳ್ಳುವುದು ಕ್ಲಬ್ಬಿನವರಿಗೆ ಕಷ್ಟವಲ್ಲ. ಬರುವ ವಸಂತದಲ್ಲಿ ಅರವತ್ತಾರು ವಯಸ್ಸಿನ ತಾನು ಇನ್ನೊಬ್ಬರ ಅಡುಗೆಮನೆಯಲ್ಲಿ, ಯಾವ ಬಟ್ಟಲು ಮುಟ್ಟಬಹುದು ಯಾವುದು ಮುಟ್ಟಬಾರದು ಎಂದು ನೋಡುತ್ತಾ ನಿಂತಿರಬೇಕು. ಲೋಮನ್ ಮತ್ತು ಅವನ ಹೆಂಡತಿ ಬರ್ನಿಸ್ ಸಣ್ಣ ದನಿಯಲ್ಲಿ ತನ್ನ ಬಗ್ಗೆಯೇ ಮಾತಾಡುವುದನ್ನು ಗೋಡೆಯ ಈಚೆ ಮಲಗಿ ಕೇಳಬೇಕು. ಲೋಮನ್ ದೋಣಿ ಹತ್ತಿ ಹೋದ ಮೇಲೆ ಅವನು ಕುಡಿದಿಟ್ಟ ಬಟ್ಟಲನ್ನು ಎಮರಿ ತೊಳೆಯಲಿಲ್ಲ. ಮೂರು ದಿನ ಅದು ಹಾಗೆಯೇ ಮೇಜಿನ ಮೇಲಿತ್ತು. ನಾಲ್ಕನೆಯ ದಿನ ಅದನ್ನು ತೊಳೆದು ಒರೆಸಿ ಮೊಳೆಗೆ ನೇತುಹಾಕುವಾಗ ಅವನ ಮನಸ್ಸು ಗಟ್ಟಿಯಾಗಿತ್ತು: ಸಹಿಗೆ ಮುಂಚೆ ಲೋಮನ್ ಹೋಗಬೇಕು.

ಉಪಾಯ ಕೋವಿಯಿಂದಲೇ ಹುಟ್ಟಿತು.

ಚರೆ ತುಂಬಿದ ತೋಟಾದ ಒಂದು ಗುಣವೆಂದರೆ ಅದು ಯಾರ ಹೆಸರನ್ನೂ ಹೇಳುವುದಿಲ್ಲ. ಒಂಟಿ ಗುಂಡಾದರೆ ನಳಿಗೆಯ ಗೀರು ಹೊತ್ತುಕೊಂಡು ಹೋಗುತ್ತದೆ. ಚರೆಕಾಳುಗಳು ಹಾಗಲ್ಲ, ಚೆಲ್ಲಿದ ರಾಗಿಯ ಹಾಗೆ ಯಾವ ಚೀಲದಿಂದ ಬಂದರೂ ಒಂದೇ. ಅವು ಹೇಳಬಲ್ಲದ್ದು ಒಂದೇ ಸಂಗತಿ: ತಾವು ಯಾವ ಲೋಹದವು ಎಂಬುದು. ಆ ಒಂದು ಸಂಗತಿಯ ಮೇಲೆಯೇ ಎಮರಿ ತನ್ನ ಉಪಾಯ ಕಟ್ಟಿದ.

ಕೆಸರಿಗೆ ಬಿದ್ದ ಸೀಸದ ಕಾಳು ತಿಂದು ಬಾತುಗಳು ಸಾಯುತ್ತವೆಂದು ಸರ್ಕಾರ ಸೀಸವನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಈಗ ಎಲ್ಲರದೂ ಉಕ್ಕಿನ ಚರೆ. ಹಳೆಯ ಕೋವಿಗೆ ಮಾತ್ರ ಉಕ್ಕು ಆಗದು. ಮೆತ್ತನೆಯ ಹಳೆಯ ನಳಿಗೆಯನ್ನು ಒಳಗಿನಿಂದ ಗೀಚಿ ಹಾಳು ಮಾಡುತ್ತದೆ. ಆದ್ದರಿಂದ ಎಮರಿ ಬಿಸ್ಮತ್ ಎಂಬ ಮೆದು ಲೋಹದ ಚರೆಯನ್ನೇ ಬಳಸುತ್ತಿದ್ದ. ನೇರಳೆ ಬಣ್ಣದ ತೋಟಾ, ಉಕ್ಕಿನದಕ್ಕಿಂತ ನಾಲ್ಕು ಪಟ್ಟು ಬೆಲೆ. ಪೇಟೆಯ ಅಂಗಡಿಯಲ್ಲಿ ಅದನ್ನು ಕೊಳ್ಳುವವನು ಅವನೊಬ್ಬನೇ. 'ಎಮರಿಯ ಮುದುಕಿಗೆ ಹಲ್ಲಿಲ್ಲ, ಗಂಜಿಯೇ ಆಗಬೇಕು' ಎಂದು ದಡದಲ್ಲೆಲ್ಲ ಆ ಕೋವಿಯ ಬಗ್ಗೆ ತಮಾಷೆ ಮಾಡುತ್ತಿದ್ದರು. ಎಂದರೆ, ಒಬ್ಬ ಮನುಷ್ಯನ ಮೈಯೊಳಗೆ ಉಕ್ಕಿನ ಕಾಳು ಸಿಕ್ಕಿದರೆ ಅದು ಎಮರಿಯ ಕೋವಿಯಿಂದ ಬಂದಿರಲಾರದು ಎಂದು ಎಮರಿ ಬಾಯಿ ಬಿಡಬೇಕಾಗಿಲ್ಲ; ಊರೇ ಹೇಳುತ್ತದೆ.

ಮರೆಯಲ್ಲಿ ಕೂರುತ್ತಿದ್ದವರು ಮೂವರು. ಮೂರನೆಯವನು ನಾರಿಸ್ ಬ್ರ್ಯಾಡ್‌ಶಾ, ಅಂಚೆ ದೋಣಿ ಓಡಿಸಿ ನಿವೃತ್ತನಾದವನು. ಕಿವಿ ಮಂದ, ಕೈ ಚುರುಕು. ತಗ್ಗಿನಲ್ಲಿ ಹಾರುವ ಹಕ್ಕಿ ಕಂಡರೆ ಎದುರಿಗೇನಿದೆ ಎಂದು ನೋಡದೆ ಮೂರು ಈಡು ಹಾರಿಸಿಬಿಡುವವನು. ಎರಡು ಸಲ ಲೋಮನ್‌ನ ಮರದ ಬಾತುಗಳಿಗೇ ಹೊಡೆದಿದ್ದ. 'ಒಂದು ದಿನ ಇವನು ಯಾರನ್ನಾದರೂ ಕೊಲ್ಲುತ್ತಾನೆ' ಎಂದು ಹತ್ತು ವರ್ಷದಿಂದ ಎಲ್ಲರೂ ನಗುತ್ತಲೇ ಹೇಳುತ್ತಾ ಬಂದಿದ್ದರು. ಎಮರಿ ಆ ಮಾತನ್ನು ನಿಜ ಮಾಡಿದರೆ ಸಾಕಿತ್ತು. ನಾರಿಸ್‌ಗೆ ಜೈಲಾಗುವುದಿಲ್ಲ, ಮಂಜಿನಲ್ಲಿ ಆದ ಅಪಘಾತ. ಅಳುತ್ತಾನೆ. ಚರ್ಚಿನವರು ಅವನ ಮನೆಗೆ ಊಟ ಹೊತ್ತು ತರುತ್ತಾರೆ, ಸುತ್ತ ಕೂರುತ್ತಾರೆ. ಅರ್ಮಾ ಸತ್ತಾಗ ತನ್ನ ಬಳಿ ಜನ ಕೂತದ್ದು ಒಂದು ವಾರ. ನಾರಿಸ್‌ನ ಬಳಿ ಅದಕ್ಕಿಂತ ಹೆಚ್ಚು ದಿನ ಕೂರುತ್ತಾರೆ ಎಂದು ಎಮರಿ ಲೆಕ್ಕ ಹಾಕಿ, ಸ್ವಲ್ಪ ಹೊಟ್ಟೆಕಿಚ್ಚನ್ನೂ ಪಟ್ಟ.

ಒಂದು ನೇರಳೆ ತೋಟಾದ ಬಾಯಿ ಬಿಚ್ಚಿ ಬಿಸ್ಮತ್ ಸುರಿದು ಉಕ್ಕಿನ ಕಾಳು ತುಂಬಿ ಮತ್ತೆ ಮಡಿಸಿದ. ಐದನೆಯ ಪ್ರಯತ್ನದಲ್ಲಿ ಅದು ಅಂಗಡಿಯಿಂದ ಬಂದದ್ದಕ್ಕಿಂತ ಅಚ್ಚುಕಟ್ಟಾಯಿತು. ಗುರುತು ಹಾಕಲಿಲ್ಲ. ಗುರುತು ಅವನಿಗೆ ಕಂಡರೆ ಇನ್ನೊಬ್ಬರಿಗೂ ಕಾಣುತ್ತದೆ. ಅದನ್ನು ಕೋಟಿನ ಎದೆಯ ಜೇಬಿನಲ್ಲಿ ಒಂಟಿಯಾಗಿ ಇಟ್ಟ, ಜೇಬೇ ಗುರುತು. ಒಂದೇ ಒಂದು ಈಡಿಗೆ ನಳಿಗೆಯಲ್ಲಿ ಸಣ್ಣ ಗೀರು ಬೀಳಬಹುದು. ಅದಕ್ಕೆ ಮಾತ್ರ ಅವನಿಗೆ ನಿಜವಾಗಿ ಬೇಸರವಾಯಿತು.

ಲೋಮನ್‌ನ ಅಯಸ್ಕಾಂತದ ಬಗ್ಗೆಯೂ ಯೋಚಿಸಿದ, ಮರೆಯಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾರಿಸ್‌ನ ಹಳೆಯ ಕೋಟಿನ ಒಳಪದರದಲ್ಲಿ ಒಂದೇ ಒಂದು ಸೀಸದ ತೋಟಾ ಸಿಕ್ಕಿ ಮೂವರೂ ದಂಡ ತೆತ್ತಿದ್ದರು. ಅಂದಿನಿಂದ ಲೋಮನ್ ಡಾಂಬರು ಬಳಿದ ದಾರಕ್ಕೆ ಒಂದು ಅಯಸ್ಕಾಂತ ಕಟ್ಟಿಕೊಂಡಿದ್ದ. ಬೇಟೆಯ ದಿನ ಬೆಳಗಿನ ಜಾವ ತನ್ನ ಮತ್ತು ನಾರಿಸ್‌ನ ತೋಟಾಗಳಿಗೆ ಅದನ್ನು ಹಿಡಿಯುವನು. ಅಂಟಿಕೊಂಡರೆ ಉಕ್ಕು, ಅಂಟದಿದ್ದರೆ ಸೀಸ, ಆಚೆ. ಎಮರಿಯ ತೋಟಾಗಳಿಗೆ ಅದನ್ನು ಹಿಡಿಯುವುದರಲ್ಲಿ ಅರ್ಥವೇ ಇರಲಿಲ್ಲ. ಸೀಸವೂ ಅಂಟುವುದಿಲ್ಲ, ಬಿಸ್ಮತ್ತೂ ಅಂಟುವುದಿಲ್ಲ. ಲೋಮನ್ ಅವುಗಳಿಗೆ ಹಿಡಿದದ್ದನ್ನು ಎಮರಿ ಒಮ್ಮೆಯೂ ಕಂಡಿರಲಿಲ್ಲ.

ಡಿಸೆಂಬರ್ ಹದಿನಾರರ ಬೆಳಗಿನ ಜಾವ ಲೋಮನ್, ನಾರಿಸ್ ಇಬ್ಬರೂ ಲೋಮನ್‌ನ ದೋಣಿಯಲ್ಲಿ ಬಂದರು. ಗಾಳಿ ಇರಲಿಲ್ಲ. ಹುಲ್ಲಿನ ಬುಡದಲ್ಲಿ ನೀರು ಗಾಜಿನಷ್ಟು ತೆಳ್ಳಗೆ ಹೆಪ್ಪುಗಟ್ಟಿತ್ತು. ಎಮರಿ ಹಂದಿಮಾಂಸ ಹುರಿದು, ಕಾಫಿ ಇಳಿಸಿ, ಬರ್ನಿಸ್ ಕಳಿಸಿದ್ದ ಅಂಜೂರದ ಪಾಕದ ಮುಚ್ಚಳ ತೆಗೆದ.

ಲೋಮನ್ ಒಂದು ಗುಟುಕು ಕುಡಿದು ಬಟ್ಟಲಿನೊಳಗೆ ಇಣುಕಿದ. "ಇವತ್ತು ಸಕ್ಕರೆ. ದೇವರು ದೊಡ್ಡೋನು. ಹೋದ ವಾರ ಉಪ್ಪು ಹಾಕಿದ್ದ ಕಣೋ ನಾರಿಸ್, ನನ್ನ ಮುಖ ನೋಡ್ಕೊಂಡೇ ಹಾಕ್ದ."

"ಏನಂದೆ?" ಎಂದ ನಾರಿಸ್.

"ಉಪ್ಪು! ಕಾಫಿಗೆ!"

"ಒಳ್ಳೇದೇ ಬಿಡು, ಗಂಟಲಿಗೆ."

"ನಿಂಗೆ ಕಿವಿ ಇಲ್ಲ, ಅವನಿಗೆ ಕಣ್ಣಿಲ್ಲ, ನಂಗೆ ಕಾಲಿಲ್ಲ," ಎಂದ ಲೋಮನ್. "ಮೂರೂ ಸೇರಿದ್ರೆ ಒಬ್ಬ ಗಂಡಸು. ಬಾತುಗಳು ಹೆದರಿ ಸಾಯ್ಬೇಕು."

ಎಮರಿ ಎದ್ದು, ಹಳೆಯ ರಬ್ಬರ್ ಅಂಗಿ ತೊಟ್ಟು ತನ್ನ ದೋಣಿಯ ಕಡೆ ಹೋದ. ತಳದ ನೀರು ಎತ್ತಿ ಎಂಜಿನ್ ಬಿಸಿ ಮಾಡುವುದು ಮೂವತ್ತು ವರ್ಷದಿಂದ ಅವನ ಕೆಲಸ. ಬೇಟೆಯ ಕೋಟಿಗೆ ಪೆಟ್ರೋಲ್ ವಾಸನೆ ಹತ್ತಬಾರದೆಂದು ಅದನ್ನು ಯಾವಾಗಲೂ ಒಲೆಯ ಪಕ್ಕದ ಮೊಳೆಯಲ್ಲೇ ಬಿಟ್ಟು ಹೋಗುವುದು. ಇವತ್ತು ತೊಟ್ಟುಕೊಂಡೇ ಹೋಗಲೇ ಎಂದು ಒಂದು ಕ್ಷಣ ಅನ್ನಿಸಿತ್ತು. ಇಲ್ಲ. ಸಿಕ್ಕಿಬೀಳುವವರೆಲ್ಲ ಆ ಒಂದು ದಿನ ಅಭ್ಯಾಸ ಬದಲಿಸಿದವರು. ಎಂಜಿನ್ ಗುರುಗುಟ್ಟುವಾಗ ಹಿಂತಿರುಗಿ ನೋಡಿದರೆ ಕಿಟಕಿಯ ಹಳದಿ ಬೆಳಕಿನಲ್ಲಿ ಎರಡು ನೆರಳು ಓಡಾಡುತ್ತಿದ್ದವು. ತನ್ನ ಮನೆಯೊಳಗೆ ಜನ. ಕೊನೆಯ ಸಲ, ಎಂದುಕೊಂಡ.

ಮರೆಯಲ್ಲಿ ಲೋಮನ್ ಎಡಕ್ಕೆ, ನಾರಿಸ್ ನಡುವೆ, ಎಮರಿ ಬಲಕ್ಕೆ ಕೂತರು. ಮೊದಲ ಬೆಳಕಿಗೆ ಹಸಿರುತಲೆ ಬಾತುಗಳು ಐದು ಬಂದವು. ಎಮರಿ ಬಲ ನಳಿಗೆಯಿಂದ ಒಂದನ್ನು ಅಷ್ಟೆತ್ತರದಿಂದ ಕಳಚಿ ಬೀಳಿಸಿದ.

"ಆಹಾ, ಮುದುಕಿ!" ಎಂದ ಲೋಮನ್. ಕೋವಿಯ ಹಿಡಿಯನ್ನು ನಾರಿಸ್‌ನ ಬೆನ್ನ ಹಿಂದಿನಿಂದ ಕೈಚಾಚಿ ಒಮ್ಮೆ ಸವರಿದ. "ಹಲ್ಲಿಲ್ಲ ಅಂತಾರಲ್ಲೋ ಇವಳಿಗೆ. ಹೆಂಗೆ ಕಚ್ಚಿದ್ಲು ನೋಡು."

ನಾರಿಸ್‌ನ ಮೂರು ಈಡಿಗೆ ಬಾತು ಬೀಳಲಿಲ್ಲ, ಒಂದು ಮರದ ಬಾತು ಮಗುಚಿತು. "ಕೊಂದೆಯಲ್ಲೋ ಪಾಪಿ, ಮೂರು ದಿನದ ಕೆತ್ತನೆ ಅದು," ಎನ್ನುತ್ತಾ ಲೋಮನ್ ಎದೆಮಟ್ಟದ ಬೂಟಿನಲ್ಲಿ ನೀರಿಗಿಳಿದ. ಮುದಿ ನಾಯಿ ಈ ವರ್ಷ ತಣ್ಣೀರಿಗೆ ಇಳಿಯುತ್ತಿರಲಿಲ್ಲ. ಬಿದ್ದ ಹಕ್ಕಿ ತರುವುದೂ ಮಗುಚಿದ್ದನ್ನು ನೆಟ್ಟಗೆ ಮಾಡುವುದೂ ಲೋಮನ್‌ನದೇ ಕೆಲಸ. ಇದೂ ಎಮರಿಗೆ ಗೊತ್ತಿದ್ದದ್ದೇ. ಅವನು ಕೋವಿಯನ್ನು ಕೀಲಿನಲ್ಲಿ ಮಡಿಸಿ ತೆರೆದು, ಬಲ ನಳಿಗೆಯನ್ನು ಖಾಲಿ ಬಿಟ್ಟ. ಎಡ ನಳಿಗೆಯ ತೋಟಾ ತೆಗೆದು ಎದೆಯ ಜೇಬಿನದನ್ನು ಹಾಕಿದ.

ಮಂಜಿನಲ್ಲಿ ಲೋಮನ್ ಸೊಂಟದವರೆಗೆ ಮಾತ್ರ ಕಾಣುತ್ತಿದ್ದ. ಬೆನ್ನು ಈ ಕಡೆಗಿತ್ತು. ಮಗುಚಿದ ಬಾತನ್ನು ಎತ್ತಿ, ನೀರು ಒರೆಸಿ, ಗಾಯ ಎಲ್ಲಿ ಎಂದು ನೋಡುತ್ತಿದ್ದ. ಹತ್ತು ನಿಮಿಷವೋ ಎರಡೇ ನಿಮಿಷವೋ, ಆಮೇಲೆ ಎಡದಿಂದ ಎರಡು ಕರಿಬಾತುಗಳು ನೀರು ಸವರುತ್ತಾ ಬಂದವು.

"ನಾರಿಸ್! ಎಡಕ್ಕೆ, ಕೆಳಗೆ!"

ನಾರಿಸ್ ಎದ್ದ, ಹಾರಿಸಿದ, ಹಾರಿಸಿದ, ಹಾರಿಸಿದ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಮರಿ ಎಡ ನಳಿಗೆಯ ಟ್ರಿಗರ್ ಎಳೆದ. ಭುಜಕ್ಕೆ ಬಿದ್ದ ಪೆಟ್ಟು ಎಂದಿನ ಹಾಗೆ ಮೃದುವಾಗಿತ್ತು. ಲೋಮನ್ ಕೈಯಲ್ಲಿದ್ದ ಮರದ ಬಾತನ್ನು ಬಿಡದೆ, ಅದರ ಮೇಲೆಯೇ ಬಾಗಿದ.

ಮುಂದಿನದು ಅಂದುಕೊಂಡ ಹಾಗೇ ನಡೆಯಿತು. ನಾರಿಸ್ ನೀರಿಗೆ ಬಿದ್ದು ಎದ್ದು ಓಡಿದ. "ನಾನೇನು ಮಾಡ್ದೆ, ಎಮರಿ, ನಾನೇನು ಮಾಡ್ದೆ," ಎಂದು ಲೋಮನ್‌ನ ತಲೆಯನ್ನು ಎದೆಗೊತ್ತಿಕೊಂಡು ಕೂಗಿದ. ಎಮರಿ ರೇಡಿಯೋದಲ್ಲಿ ಸಹಾಯ ಕೇಳಿದ. ಬಂದವರಿಗೆ, ತಾನು ಎತ್ತರದ ಹಕ್ಕಿಗೆ ಒಂದು ಈಡು ಹಾರಿಸಿದೆ, ಅದು ತಪ್ಪಿತು ಎಂದ. ಹೆಚ್ಚು ಮಾತಾಡಲಿಲ್ಲ. ಯಾರೂ ಹೆಚ್ಚು ಕೇಳಲೂ ಇಲ್ಲ. ಎಲ್ಲರೂ ನಾರಿಸ್‌ನನ್ನೇ ನೋಡುತ್ತಿದ್ದರು.

ಆ ಸಂಜೆ ಕೋವಿ ಒರೆಸುವಾಗ ಎಡ ನಳಿಗೆಯನ್ನು ದೀಪಕ್ಕೆ ಹಿಡಿದು ನೋಡಿದ. ಗೀರು ಇರಲಿಲ್ಲ. ಒಳಮೈ ಈ ತುದಿಯಿಂದ ಆ ತುದಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಎಂಥ ಕೆಲಸಗಾರ, ಎಂದುಕೊಂಡ. ಉಕ್ಕು ಹಾದುಹೋದರೂ ಒಂದು ಗೆರೆ ಬಿದ್ದಿಲ್ಲ. ಇದನ್ನು ಹೇಳಿದರೆ ಲೋಮನ್ ಎಷ್ಟು ಹಿಗ್ಗುತ್ತಿದ್ದ ಎಂದು ಅನ್ನಿಸಿದ ಮೇಲೆ ಅವನು ಕೋವಿಯನ್ನು ಗೋಡೆಗೆ ನೇತುಹಾಕಿದ. ಜೌಗಿನಲ್ಲಿ ಉಬ್ಬರ ಏರುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಲವತ್ತು ಎಕರೆ ಈಗ ಅವನದೇ. ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ. ಬೆಳಿಗ್ಗೆ ಕಾಫಿ ಇಳಿಸುವಾಗ ಮೊಳೆಗಳಿಂದ ಎರಡು ಬಟ್ಟಲು ತೆಗೆದು, ಒಂದನ್ನು ಮತ್ತೆ ನೇತುಹಾಕಿದ.

ಆದ್ದರಿಂದ ಮೂರನೆಯ ದಿನ ದೋಣಿಯ ಸದ್ದು ಕೇಳಿದಾಗ ಅವನಿಗೆ ಆದದ್ದು ಭಯವಲ್ಲ. ಬೇಟೆ ಕಾಯಿದೆಯ ಅಧಿಕಾರಿ ಕೋರಾ ಲ್ಯಾಂಡನ್ ಮೆಟ್ಟಿಲು ಹತ್ತಿ ಬಂದಳು. ಚಿಕ್ಕಂದಿನಲ್ಲಿ ಇದೇ ಗುಡಿಸಲಿನಲ್ಲಿ ಅರ್ಮಾಳ ಕೈಯ ಕೇಕು ತಿಂದವಳು.

"ಬಾಮ್ಮ, ಬಾ. ಕಾಫಿ ಬಿಸಿ ಇದೆ. ಶೂ ಇರ್ಲಿ ಬಿಡು, ನೆಲ ನೋಡೋರು ಯಾರಿದಾರೆ ಇಲ್ಲಿ."

"ಬೇಡ ಎಮರಿ ಮಾಮ. ಈಗ ನಾರಿಸ್ ಮನೆಯಿಂದ ಬಂದೆ. ಊಟ ಬಿಟ್ಟಿದಾರೆ."

"ಪಾಪ. ಬೇಕು ಅಂತ ಮಾಡಿದ್ದಲ್ಲ ಅಂತ ಹೇಳು. ಮಂಜು ಹಂಗಿತ್ತು."

ಕೋರಾ ಕೂತಳು. ಜೇಬಿನಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ತಳದಲ್ಲಿ ಲೋಮನ್‌ನ ಮೈಯಿಂದ ತೆಗೆದ ಏಳೆಂಟು ಬೂದು ಕಾಳುಗಳಿದ್ದವು. ಅದರ ಪಕ್ಕದಲ್ಲಿ ಡಾಂಬರು ದಾರದ ಅಯಸ್ಕಾಂತ. "ಇದು ಯಾರದು ಗೊತ್ತಾಯ್ತಲ್ಲ. ಅವರ ಕೋಟಿನಲ್ಲಿತ್ತು."

ಈ ಗಳಿಗೆಗಾಗಿ ಎಮರಿ ಎರಡು ತಿಂಗಳು ಕಾದಿದ್ದ. ತಾನಾಗಿ ಬಾಯಿ ಬಿಡಬಾರದೆಂದು ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದ. ಆದರೆ ಮೂರು ದಿನದಿಂದ ಅವನು ಯಾರೊಂದಿಗೂ ಮಾತಾಡಿರಲಿಲ್ಲ.

"ಹಿಡಿದು ನೋಡು ಮತ್ತೆ," ಎಂದ. "ನನ್ನ ಮುದುಕಿ ಉಕ್ಕು ಮುಟ್ಟಲ್ಲ, ನಿಂಗೊತ್ತು. ಅಂಟಿಕೊಂಡ್ರೆ ಯಾರದು ಅಂತ ನಾನು ಹೇಳೋದೇನಿದೆ. ನಂಗೂ ಸಂಕಟವೇ, ನಾರಿಸ್ ನಮ್ಮೋನು."

ಕೋರಾ ಅಯಸ್ಕಾಂತವನ್ನು ಸೀಸೆಗೆ ತಾಗಿಸಿ ನಿಧಾನವಾಗಿ ಮೇಲಕ್ಕೆಳೆದಳು. ಒಂದು ಕಾಳೂ ಅಲುಗಲಿಲ್ಲ. ಆಮೇಲೆ ಅವಳು ಇನ್ನೊಂದು ಜೇಬಿನಿಂದ ಒಂದು ನೇರಳೆ ತೋಟಾ ತೆಗೆದು ಮೇಜಿನ ಮೇಲಿಟ್ಟಳು. ಅಯಸ್ಕಾಂತ ತಾಗುವ ಮೊದಲೇ ಅದು ಉರುಳಿಹೋಗಿ ಟಕ್ ಎಂದು ಅಂಟಿಕೊಂಡಿತು. ಇದು ಲೋಮನ್‌ನ ಜೇಬಿನಲ್ಲಿತ್ತು, ಎಂದಳು. ನಾರಿಸ್ ಅಳುವಿನ ನಡುವೆ ಹೇಳಿದ್ದನ್ನು ಹೇಳಿದಳು. ನಾಲ್ಕು ಚಳಿಗಾಲದಿಂದ, ಎಮರಿ ದೋಣಿಯ ನೀರೆತ್ತಲು ಹೋದ ಆ ಹೊತ್ತಿನಲ್ಲಿ, ಲೋಮನ್ ಮೊಳೆಯಲ್ಲಿ ತೂಗುವ ಕೋಟಿನ ಒಂದೊಂದು ತೋಟಾಕ್ಕೂ ಅಯಸ್ಕಾಂತ ಹಿಡಿಯುತ್ತಿದ್ದ. ಸೀಸ ಹುಡುಕಲು ಅಲ್ಲ. ಕಣ್ಣು ಮಂದವಾದ ಗೆಳೆಯ ತಪ್ಪಿ ಎಲ್ಲಿ ಉಕ್ಕು ಹಾಕಿಕೊಂಡು ನಳಿಗೆ ಹಾಳುಮಾಡಿಕೊಳ್ಳುತ್ತಾನೋ ಎಂದು. ಅವತ್ತು ಎದೆಯ ಜೇಬಿನ ಒಂದು ಅಂಟಿಕೊಂಡಿತು. ಅಂಗಡಿಯವರದೇ ತಪ್ಪಿರಬೇಕು, ಅವನಿಗೆ ಹೇಳಬೇಡ, ನಾಚಿಕೊಳ್ಳುತ್ತಾನೆ ಎಂದು ನಾರಿಸ್‌ನ ಕಿವಿಯಲ್ಲಿ ಕೂಗಿ, ಅದನ್ನು ತಾನಿಟ್ಟುಕೊಂಡು, ಎಮರಿಯ ಪೆಟ್ಟಿಗೆಯಿಂದ ಇನ್ನೊಂದು ನೇರಳೆ ತೋಟಾ ತೆಗೆದು ಅದೇ ಜೇಬಿಗೆ ಹಾಕಿದ್ದ. ಎಮರಿ ಗೋಡೆಯ ಮೇಲಿದ್ದ ಕೋವಿಯ ಕಡೆ ನೋಡಿದ. ತಾನಿರುವವರೆಗೂ ಅದಕ್ಕೆ ಕೇಡಾಗಲು ಬಿಡುವುದಿಲ್ಲ ಎಂದು ಲೋಮನ್ ಮಾತು ಕೊಟ್ಟಿದ್ದ. ಬಿಡಲಿಲ್ಲ.